ಹಳೇ ಬ್ರಿಟಿಷ್ ದೆವ್ವದ ಪಿಚ್ಚರ್, ಹೊಸ ಡಿಸ್ಕು: ಖರೇ ಬಣ್ಣ ಯಾವುದು?

ಟಿಳಕವಾಡಿ ಸ್ಟುಡಿಯೋ (ಬೆಳಗಾವಿ):

ನಮಸ್ಕಾರ್ರಿ ಎಲ್ಲಾರಿಗೂ. ಪ್ರಶ್ನಿ ಮೊದಲ ಕೇಳಿಬಿಡ್ತೀನಿ, ವಿವರ ಆಮ್ಯಾಲ. ಇಂಗ್ಲೆಂಡಿನ ಹ್ಯಾಮರ್ ಅನ್ನೂ ಸಿನಿಮಾ ಕಂಪನಿಯ 1958ರ 'ಡ್ರಾಕುಲಾ' ನನ್ನ ಹತ್ರ ಎರಡು ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡೂ) ಡಿಸ್ಕಿನ್ಯಾಗ ಐತಿ. ಒಂದು 2013ರಾಗ ಇಂಗ್ಲೆಂಡಿನ್ಯಾಗ ಬಂದದ್ದು, ಇನ್ನೊಂದು 2018ರಾಗ ಅಮೆರಿಕಾದ ವಾರ್ನರ್ ಆರ್ಕೈವ್ ಅನ್ನೂ ಲೇಬಲ್ ತಂದದ್ದು. ಪಿಚ್ಚರ್ ಒಂದ, ಬಣ್ಣ ಮಾತ್ರ ಬ್ಯಾರೆ ಬ್ಯಾರೆ. ಮೊದಲನೇದರಾಗ ಕೋಟೆ ಕಲ್ಲು, ಗ್ವಾಡಿ, ಮಂದಿ ಮಾರಿ, ಎಲ್ಲಾದರ ಮ್ಯಾಲೂ ಒಂದು ತಣ್ಣನ ನೀಲಿ ಛಾಯಾ ಐತಿ. ಎರಡನೇದರಾಗ ಆ ನೀಲಿ ಇಲ್ಲ, ಮಾರಿಗೆ ಮಾರಿ ಬಣ್ಣ ಬಂದೈತಿ. ಇವೆರಡರಾಗ 1958ರ ಮಂದಿ ಪರದೆ ಮ್ಯಾಲ ನೋಡಿದ ಬಣ್ಣ ಯಾವುದು? ತಿಳಿದವರು ದಯವಿಟ್ಟು ಹೇಳ್ರಿ.

ಯಾಕ ಇಷ್ಟು ಹಟ ಹಿಡಿದು ಕೇಳಾಕತ್ತೀನಿ ಅಂದ್ರ, ಬಣ್ಣ ನನ್ನ ಕಸಬು. ಟಿಳಕವಾಡಿಯಾಗ ನಂದು ಫೋಟೋ ಸ್ಟುಡಿಯೋ. ಡಿಜಿಟಲ್ ಬರೂಕಿಂತ ಮೊದಲು ಕಲರ್ ಲ್ಯಾಬಿನ್ಯಾಗ ಕೈಯಾರೆ ಪ್ರಿಂಟ್ ಹಾಕಿದವ. ಈಗ ಮಂದಿ ಹಳೇ ಮದುವಿ ಆಲ್ಬಮ್ ತರ್ತಾರ. ಹಸಿರು ಸೀರಿ ಕಂದಾಗಿರ್ತೈತಿ, ಬೀಗರು ಬಿಜ್ಜರು ಎಲ್ಲಾ ಗುಲಾಬಿ ಆಗಿರ್ತಾರ. ಸಿಯಾನ್ (ಹಸಿರು-ನೀಲಿ) ಬಣ್ಣ ಹಾರಿಹೋಗಿ ಮೆಜೆಂಟಾ (ಗಾಢ ಗುಲಾಬಿ) ಉಳಿದಿರ್ತೈತಿ. ಅದನ್ನ ಸರಿ ಮಾಡೂ ಮುಂದ ದಿನಾ ನನಗ ಇದ ಪ್ರಶ್ನಿ ಎದುರಾಗ್ತೈತಿ: ಆ ದಿನ ಆ ಸೀರಿ ಎಂಥಾ ಹಸಿರು ಇತ್ತು? ಮನಿ ಹಿರಿಯರನ್ನ ಕೇಳಿ ತಿಳ್ಕೋತೀನಿ. ಸಿನಿಮಾಕ್ಕ ಯಾರನ್ನ ಕೇಳಬೇಕು?

ಈ ಪಿಚ್ಚರ್ ನಾ ಮೊದಲ ನೋಡಿದ್ದು ಕ್ಯಾಂಪಿನ ಒಂದು ವಿಡಿಯೋ ಲೈಬ್ರರಿಯ ಬಾಡಿಗಿ ಕ್ಯಾಸೆಟ್ಟಿನ್ಯಾಗ. ಕಾಪಿ ಮ್ಯಾಲ ಕಾಪಿ ಮಾಡಿದ ವಿಎಚ್‌ಎಸ್. ವಿಎಚ್‌ಎಸ್ ಅಂದ್ರ ಅಡ್ಡಕ್ಕ ಸುಮಾರು 240 ಗೆರಿಯಷ್ಟ ವಿವರ, ಬಣ್ಣದ ವಿವರ ಅದಕ್ಕಿಂತ ಎಷ್ಟೋ ಕಡಿಮಿ. ಕೆಂಪು ತನ್ನ ಅಂಚು ಬಿಟ್ಟು ಹೊರಗ ಹರೀತಿತ್ತು. ಕತ್ತಲಿ ಸೀನ್ ಬಂತಂದ್ರ ಟಿವಿ ಪೂರಾ ಕರಿ. ಡ್ರಾಕುಲಾ ಆಗಿದ್ದ ಕ್ರಿಸ್ಟೋಫರ್ ಲೀ ಅವರ ಕಣ್ಣು ಕಾಣ್ತಿದ್ದಿಲ್ಲ, ಹಲ್ಲಷ್ಟ ಕಾಣ್ತಿದ್ವು. ಮುಂದ ಡಿವಿಡಿ ಬಂದಾಗ ಆ ವಿವರ ಸುಮಾರು ಎರಡು ಪಟ್ಟು ಆತು, ಆದ್ರ ಕತ್ತಲಿ ಕತ್ತಲಿನ ಉಳೀತು.

ಬ್ಲೂ-ರೇ ಹಚ್ಚಿದ ಮ್ಯಾಲ ತಿಳೀತು, ಆ ಕತ್ತಲಿ ಖಾಲಿ ಇದ್ದಿದ್ದಿಲ್ಲ ಅಂತ. ಛಾಯಾಗ್ರಾಹಕ ಜ್ಯಾಕ್ ಆಶರ್ ನೆರಳಿನ ಒಳಗೂ ಬಣ್ಣ ಇಟ್ಟಾರ. ದೀಪಕ್ಕ ಬಣ್ಣದ ಜೆಲ್ ಹಾಳಿ ಕಟ್ಟಿ ಮೂಲ್ಯಾಗ ಹಸಿರು, ಕಂಬದ ಹಿಂದ ನೇರಳಿ ಬಿಟ್ಟಾರ. 1960ರ 'ದಿ ಬ್ರೈಡ್ಸ್ ಆಫ್ ಡ್ರಾಕುಲಾ'ದಾಗಂತೂ ಇದು ಇನ್ನೂ ಎದ್ದು ಕಾಣ್ತೈತಿ. ಇಂಥಾ ಲೈಟಿಂಗ್ ಮಾಡಾಕ ಟೈಮ್ ಭಾಳ ಹಿಡೀತೈತಿ, ಹ್ಯಾಮರ್ ಕಂಪನಿ ಕಡಿಮಿ ರೊಕ್ಕದಾಗ ಲಗೂ ಲಗೂ ಪಿಚ್ಚರ್ ಮುಗಿಸೂ ಕಂಪನಿ. ಹಿಂಗಾಗಿ ಮುಂದ ಅವರ ಜಾಗಾಕ್ಕ ಆರ್ಥರ್ ಗ್ರಾಂಟ್ ಬಂದ್ರು. ಥೇಮ್ಸ್ ನದಿ ದಂಡಿ ಮ್ಯಾಲಿನ ಹ್ಯಾಮರ್‌ದವರ ಬ್ರೇ ಸ್ಟುಡಿಯೋ ಅಂದ್ರ ಒಂದು ಹಳೇ ಬಂಗಲೆ. ಅಲ್ಲೆ ಸೆಟ್ ಕಟ್ಟಿಸೂ ಬರ್ನಾರ್ಡ್ ರಾಬಿನ್ಸನ್ ಒಂದ ಸೆಟ್ಟಿನ ಕಂಬ, ಮೆಟ್ಟಲಾ ಹೊಳ್ಳಿಸಿ ಹೊಳ್ಳಿಸಿ ಬ್ಯಾರೆ ಪಿಚ್ಚರಿಗೆ ಕೋಟೆ ಮಾಡಿ ಕೊಡ್ತಿದ್ರು. ಇವರ ಕೈಚಳಕ ಎಲ್ಲಾ ಆ ಕ್ಯಾಸೆಟ್ಟಿನ ಕರೀ ಒಳಗ ಮುಚ್ಚಿಹೋಗಿತ್ತು. ನನಗ ಇದು ಭಾಳ ದೊಡ್ಡ ಅನ್ಯಾಯ ಅನ್ನಿಸ್ತೈತಿ. ಇಷ್ಟು ವರ್ಷ ಮಂದಿ "ಅಗ್ಗದ ದೆವ್ವದ ಪಿಚ್ಚರ್" ಅಂತ ಬೈದದ್ದರಾಗ ಅರ್ಧ ಬೈಗುಳ ಆ ಪಿಚ್ಚರಿಗೆ ಸೇರಬೇಕಾದದ್ದ ಅಲ್ಲ, ಕೆಟ್ಟ ಕಾಪಿಗೆ ಸೇರಬೇಕಾದದ್ದು.

2013ರ ಡಿಸ್ಕ್ ತರಿಸಿದ ಕಾರಣ ಜಪಾನಿನ ರೀಲು. 1958ರಾಗ ಸೆನ್ಸಾರಿನವರು ಕೆಲವು ಶಾಟ್ ಕತ್ತರಿಸಿದ್ರು. ಒಂದು, ಡ್ರಾಕುಲಾ ಕಥಿಯೊಳಗಿನ ಮೀನಾ ಅನ್ನೂ ಹೆಂಗಸಿನ ಕ್ವಾಣಿಗೆ ಬಂದು ಅಕಿ ಮಾರಿ ಹತ್ರ ಮಾರಿ ತರೂದು. ಇನ್ನೊಂದು, ಕಡೀಕ ಬಿಸಲು ಬಿದ್ದು ಕರಗೂ ಮುಂದ ತನ್ನ ಮಾರಿ ಚರ್ಮ ತಾನ ಉಗುರಿಲೆ ಕೆರಕೊಳ್ಳೂದು. ಜಪಾನಿಗೆ ಹೋದ ಪ್ರಿಂಟಿನ್ಯಾಗ ಇವು ಇದ್ವು. 1984ರಾಗ ಟೋಕಿಯೋದ ನ್ಯಾಷನಲ್ ಫಿಲ್ಮ್ ಸೆಂಟರಿಗೆ ಬೆಂಕಿ ಬಿತ್ತು. ಆ ಪ್ರಿಂಟಿನ ಮೊದಲಿನ ರೀಲು ಹೋದ್ವು, ಕಡೀವು, ಆರರಿಂದ ಒಂಬತ್ತು, ಉಳದ್ವು. 2011ರಾಗ ಅವನ್ನ ಪತ್ತೆ ಹಚ್ಚಿದ್ರು. ಕಲೆ ಬಿದ್ದು, ಗೀರು ಬಿದ್ದು, ಬಣ್ಣ ಕೆಟ್ಟು ಹೋಗಿದ್ದ ಆ ಶಾಟ್‌ಗಳನ್ನ ತೊಳೆದು ಪಿಚ್ಚರಿಗೆ ಹೊಳ್ಳಿ ಜೋಡಿಸ್ಯಾರ. ಡ್ರಾಕುಲಾನ ಬೆನ್ನು ಹತ್ತಿದ ಡಾಕ್ಟರ್ ಪಾತ್ರದ ಪೀಟರ್ ಕುಶಿಂಗ್ ಮೇಜಿನ ಮ್ಯಾಲೆ ಓಡಿ ಹಾರಿ ಪರದೆ ಜಗ್ಗೂದು, ಎರಡು ಮೇಣದಬತ್ತಿ ಕಂಬ ಕೂಡಿಸಿ ಶಿಲುಬೆ ಮಾಡೂದು, ಆಮ್ಯಾಲ ಈ ಮಾರಿ ಕೆರಕೊಳ್ಳೂದು. ಈಗ ಆ ಕಡೀ ಭಾಗ ಒಂದ ಉಸುರಿನ್ಯಾಗ ಹೋಗ್ತೈತಿ. ಅಮೆರಿಕಾದ ಡಿಸ್ಕಿನ್ಯಾಗ ಈ ಶಾಟ್ ಇಲ್ಲ. ಹಿಂಗಾಗಿ ಬಣ್ಣ ಒಂದರಾಗ, ಶಾಟ್ ಇನ್ನೊಂದರಾಗ ಅಂತ ನನ್ನ ತ್ರಾಸ.

ಎರಡನೇ ಪ್ರಶ್ನಿ ಸಣ್ಣದು. ಸ್ಟುಡಿಯೋದ ಮ್ಯಾಲಿನ ಹಾಲಿನ್ಯಾಗ ಪ್ರೊಜೆಕ್ಟರ್ ಹಾಕೀನಿ. ಗೆಳ್ಯಾರು ಕೆಲವರು ಅಮಾಸಿಗೊಂದು ಪಿಚ್ಚರ್ ನೋಡೂಣು ಅಂದಾರ. 'ಡ್ರಾಕುಲಾ' ಆದ ಮ್ಯಾಲ ಯಾವುದು ತೋರಿಸ್ಲಿ? ಹೊಸದಾಗಿ ಚಲೋ ಡಿಸ್ಕ್ ಬಂದಿರೂವ ಹೇಳ್ರಿ.

ಹಳೇ ಆಪರೇಟರ್ (ವಿಜಯಪುರ):

ಸ್ಟುಡಿಯೋ ಸಾಹೇಬ್ರ, ನಿಮ್ಮ ಪ್ರಶ್ನಿಗೆ ಪ್ರೊಜೆಕ್ಟರ್ ಕ್ವಾಣಿಯಿಂದ ಉತ್ತರ ಕೊಡ್ತೀನಿ. ನಾನು ಟಾಕೀಸಿನಾಗ ಕಾರ್ಬನ್ ಕಡ್ಡಿ ಸುಟ್ಟು ಪಿಚ್ಚರ್ ಬಿಟ್ಟವ. ಕ್ಸೆನಾನ್ ಲ್ಯಾಂಪ್ ಬಂದದ್ದು ಆಮ್ಯಾಲ. ಎರಡು ಕಾರ್ಬನ್ ಕಡ್ಡಿ ಎದುರಾಬದುರಾ ಇಟ್ಟು ನಡುವ ಕರೆಂಟಿನ ಜ್ವಾಲಾ ಹಚ್ಚೂದು. ಕಡ್ಡಿ ಉರದಂಗ ಸಂದಿ ಹೆಚ್ಚಾಗ್ತದ, ಸಂದಿ ಹೆಚ್ಚಾದ್ರ ಬೆಳಕಿನ ಬಣ್ಣಾನ ಬದಲಾಗ್ತದ. ಕಡ್ಡಿ ಸರಸೂದು ಒಂದೀಟು ತಡಾ ಆದ್ರ ಪರದೆ ಹಳದಿ ಹೊಡೀತಿತ್ತು. ಮತ್ತ ಮಷೀನ್ ಎರಡು ಇರ್ತಿದ್ವು, ಒಂದು ರೀಲು ಈ ಮಷೀನಿನಾಗ, ಮುಂದಿನ ರೀಲು ಆ ಮಷೀನಿನಾಗ. ಎರಡರ ಕನ್ನಡಿ ಒಂದ ಸಮ ಹೊಳಪು ಇರ್ತಿದ್ದಿಲ್ಲ. ಹಂಗಾಗಿ ಒಂದ ಆಟದಾಗ ಒಬ್ಬ ಹೀರೋನ ಅಂಗಿ ಎರಡು ಬಣ್ಣ ಕಾಣ್ತಿತ್ತು. ಲಂಡನ್ನಿನ ದೊಡ್ಡ ಥೇಟರಿನಾಗ ಕೆಲಸ ಇನ್ನೂ ಚಲೋ ನಡದಿರಬಹುದು, ಆದ್ರ ಊರೂರಿಗೆ ಒಂದ ಬಣ್ಣ ಇತ್ತು ಅಂತ ತಿಳಿಬ್ಯಾಡ್ರಿ.

ಹಂಗಂತ ಯಾವ ಬಣ್ಣ ಆದ್ರೂ ನಡೀತದ ಅಂತ ನಾ ಹೇಳೂದಿಲ್ಲ. ಸಾಕ್ಷಿ ಒಂದು ಅದ. ಆ ಕಾಲದ ಟೆಕ್ನಿಕಲರ್ ಪ್ರಿಂಟ್. 'ಡ್ರಾಕುಲಾ' ತೆಗದದ್ದು ಈಸ್ಟ್‌ಮನ್ ಕಂಪನಿಯ ನೆಗೆಟಿವ್ ಮ್ಯಾಲ, ಪ್ರಿಂಟ್ ಹಾಕಿದ್ದು ಟೆಕ್ನಿಕಲರ್ ಕಂಪನಿಯವರು. ಅವರ ಪದ್ಧತಿ ಬ್ಯಾರೆ. ಬಣ್ಣ ಫಿಲ್ಮಿನ ಒಳಗ ರಸಾಯನದಿಂದ ಹುಟ್ಟೂದಲ್ಲ, ಮೂರು ಬಣ್ಣ ಒಂದರ ಮ್ಯಾಲೊಂದು ಅಚ್ಚು ಒತ್ತಿದಂಗ ಒತ್ತೂದು. ಆ ಬಣ್ಣ ಹಾರೂದು ಭಾಳ ಕಡಿಮಿ. ಈಸ್ಟ್‌ಮನ್ ಪ್ರಿಂಟ್ ಏನಾಗ್ತದ ಅನ್ನೂದು ನಿಮ್ಮ ಮದುವಿ ಆಲ್ಬಮ್ಮಿಗೆ ಆದದ್ದ: ಡಬ್ಬಿಯೊಳಗ ಕುಂತು ಕುಂತು ಗುಲಾಬಿ ಆಗ್ತದ. ನಮ್ಮಲ್ಲಿಗೆ ಎರಡನೇ ಸಲ, ಮೂರನೇ ಸಲ ಬರ್ತಿದ್ದ ಹಳೇ ಇಂಗ್ಲಿಷ್ ಪಿಚ್ಚರಿನ ಪ್ರಿಂಟ್ ಎಷ್ಟೋ ಹಂಗ ಇದ್ವು, ಆಕಾಶಾನೂ ಗುಲಾಬಿ, ಹುಲ್ಲೂ ಗುಲಾಬಿ. ಹಿಂಗಾಗಿ ಸ್ಕ್ಯಾನ್ ಮಾಡಿದವರು ಉಳಿದಿರೂ ಟೆಕ್ನಿಕಲರ್ ಪ್ರಿಂಟ್ ಒಂದನ್ನ ಚಲೋ ಬೆಳಕಿನಾಗ ಬಿಟ್ಟು, ಮಗ್ಗಲಕ ತಮ್ಮ ಬಣ್ಣ ಇಟ್ಟು ಹೊಂದಿಸಬೇಕು. ಅದು ನ್ಯಾಯವಾದ ದಾರಿ.

ನನ್ನ ಅಭಿಪ್ರಾಯ ಕೇಳಿದ್ರ, ಟೆಕ್ನಿಕಲರ್ ಪ್ರಿಂಟಿನಾಗ ಮಾರಿ ನೀಲಿ ಕಾಣೂದು ನಾ ನೋಡಿಲ್ಲ. ಕೆಂಪು ಗಟ್ಟಿ, ಕರಿ ಗಟ್ಟಿ, ಮಾರಿ ಬೆಚ್ಚಗ. ಬಣ್ಣದ ಮಟ್ಟಿಗೆ ನಾ 2018ರದಕ್ಕ ಓಟು ಹಾಕ್ತೀನಿ.

ನವನಗರದ ಮೇಷ್ಟ್ರು (ಬಾಗಲಕೋಟೆ):

ಇಬ್ಬರ ಮಾತೂ ಓದಿ ಬಹಳ ಸಂತೋಷವಾಯಿತು. ಆಪರೇಟರ್ ಸಾಹೇಬರು ಹೇಳಿದ ಸಾಕ್ಷಿಯ ಜೊತೆಗೆ ಇನ್ನೊಂದು ಸಾಕ್ಷಿ ಸೇರಿಸುತ್ತೇನೆ.

ಕೆಲವು ಚಿತ್ರಗಳಿಗೆ ಆಗಲೇ ಬಣ್ಣವನ್ನು ಮೂರು ಕಪ್ಪು-ಬಿಳುಪು ಫಿಲ್ಮುಗಳ ಮೇಲೆ ಬೇರ್ಪಡಿಸಿ ಕಾಪಿಟ್ಟಿರುತ್ತಾರೆ. ಕೆಂಪಿನ ದಾಖಲೆ ಒಂದು, ಹಸಿರಿನದು ಒಂದು, ನೀಲಿಯದು ಒಂದು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಇರುವುದು ಬೆಳ್ಳಿ, ಬಣ್ಣವಲ್ಲ. ಹಾರಿಹೋಗಲು ಅಲ್ಲಿ ಬಣ್ಣವೇ ಇಲ್ಲ. ಅವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದರೆ ಅಂದಿನ ಬಣ್ಣ ಎದ್ದು ಬರುತ್ತದೆ. ಮೂರೂ ಫಿಲ್ಮು ಒಂದೇ ಪ್ರಮಾಣದಲ್ಲಿ ಕುಗ್ಗಿರುವುದಿಲ್ಲ, ಹೀಗಾಗಿ ಕೂಡಿಸುವುದು ಸೂಕ್ಷ್ಮದ ಕೆಲಸ. ಕೂದಲೆಳೆ ತಪ್ಪಿದರೂ ಅಂಚಿಗೆ ಬಣ್ಣದ ಗೆರೆ ಮೂಡುತ್ತದೆ. ಹ್ಯಾಮರ್ ಕಂಪನಿಯ ಮೊದಲ ಬಣ್ಣದ ಭಯಾನಕ ಚಿತ್ರ, 1957ರ 'ದಿ ಕರ್ಸ್ ಆಫ್ ಫ್ರಾಂಕೆನ್‌ಸ್ಟೈನ್', 2020ರ ಕೊನೆಯಲ್ಲಿ ವಾರ್ನರ್ ಆರ್ಕೈವ್‌ನಿಂದ ಬಂತು. ಅದು ಇಂಥ ಬೇರ್ಪಡಿಸಿದ ಫಿಲ್ಮುಗಳನ್ನೇ 4ಕೆಯಲ್ಲಿ, ಅಂದರೆ ಅಡ್ಡಕ್ಕೆ ಸುಮಾರು ನಾಲ್ಕು ಸಾವಿರ ಚುಕ್ಕೆಯ ವಿವರದಲ್ಲಿ, ಸ್ಕ್ಯಾನ್ ಮಾಡಿ ತಯಾರಿಸಿದ್ದು. ಕುಶಿಂಗ್ ಅವರ ಪ್ರಯೋಗಶಾಲೆಯ ಗಾಜಿನ ಬುದ್ದಲಿಗಳ ಒಳಗಿನ ದ್ರವಗಳಿಗೆ ಒಂದೊಂದಕ್ಕೂ ಬೇರೆ ಬಣ್ಣ. ಅದನ್ನೂ ಜ್ಯಾಕ್ ಆಶರ್ ಅವರೇ ಚಿತ್ರೀಕರಿಸಿದ್ದು, ಎರಡಕ್ಕೂ ನಿರ್ದೇಶಕ ಟೆರೆನ್ಸ್ ಫಿಶರ್. 'ಡ್ರಾಕುಲಾ'ದ ಬಣ್ಣ ಹೇಗಿರಬೇಕಿತ್ತು ಎನ್ನುವುದಕ್ಕೆ ಅದರ ಹಿಂದಿನ ವರ್ಷದ ಈ ಚಿತ್ರವೇ ಒಳ್ಳೆಯ ಅಳತೆ. ಎರಡನ್ನೂ ಒಂದರ ಬೆನ್ನಿಗೊಂದು ಹಾಕಿ ನೋಡಿ, ನಿಮ್ಮ ಕಣ್ಣಿಗೆ ತಾನೇ ಉತ್ತರ ಸಿಗುತ್ತದೆ. ಆ ಡಿಸ್ಕಿನಲ್ಲಿ ಚೌಕಟ್ಟಿನ ಅಳತೆಯೂ (ಅಗಲ ಎತ್ತರದ ಎಷ್ಟು ಪಟ್ಟು ಎಂಬುದು) ಮೂರು ಬಗೆಯಲ್ಲಿದೆ: 1.85, 1.66 ಮತ್ತು 1.37. ಯಾವುದರಲ್ಲಿ ತಲೆಯ ಮೇಲಿನ ಜಾಗ ಸರಿ ಕೂರುತ್ತದೆ ಎಂಬುದನ್ನು ಫೋಟೋ ತೆಗೆಯುವ ನೀವು ನಮಗೆ ಹೇಳಬೇಕು.

ಇನ್ನು ಮುಂದಿನ ಅಮಾವಾಸ್ಯೆಗೆ ಯಾವುದು ಎಂದರೆ, ಬಣ್ಣ ಬಿಟ್ಟು ಕಪ್ಪು-ಬಿಳುಪಿಗೆ ಬನ್ನಿ. 1961ರ 'ದಿ ಇನ್ನೊಸೆಂಟ್ಸ್'. ಹೆನ್ರಿ ಜೇಮ್ಸ್ ಅವರ 1898ರ ಕಥೆ, ನಿರ್ದೇಶನ ಜ್ಯಾಕ್ ಕ್ಲೇಟನ್, ನಾಯಕಿ ಡೆಬೊರಾ ಕರ್. ಇಬ್ಬರು ಮಕ್ಕಳನ್ನು ನೋಡಿಕೊಳ್ಳಲು ಹಳ್ಳಿಯ ದೊಡ್ಡ ಮನೆಗೆ ಬರುವ ಹೆಂಗಸಿಗೆ ಸತ್ತವರು ಕಾಣುತ್ತಾರೆ. ಖರೇ ಕಾಣುತ್ತಾರೋ ಅವಳ ಮನಸ್ಸಿನದೋ ಎಂಬುದು ಕೊನೆಯವರೆಗೂ ತೀರ್ಮಾನವಾಗುವುದಿಲ್ಲ. ಫಾಕ್ಸ್ ಕಂಪನಿಗಾಗಿ ಅಗಲದ ಸಿನೆಮಾಸ್ಕೋಪ್‌ನಲ್ಲಿ ತೆಗೆದರು. ನಿರ್ದೇಶಕರಿಗೆ ಆ ಅಗಲ ಬೇಕಾಗಿರಲಿಲ್ಲ. ಆಗ ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಒಂದು ಉಪಾಯ ಮಾಡಿದರು. ಮಸೂರದ ಮುಂದಿನ ಫಿಲ್ಟರಿನ ಎರಡೂ ಅಂಚಿಗೆ ಬಣ್ಣ ಬಳಿದು, ಪರದೆಯ ಬದಿಗಳು ಮೆಲ್ಲಗೆ ಕತ್ತಲೆಗೆ ಜಾರುವಂತೆ ಮಾಡಿದರು. ಹೀಗಾಗಿ ನೋಡುವವರ ಕಣ್ಣು ನಡುವಿನಲ್ಲಿದ್ದರೂ ಮನಸ್ಸು ಅಂಚಿನಲ್ಲೇ ಇರುತ್ತದೆ.

ಇದನ್ನು ಹಳೆಯ ಟಿವಿಯ ಚೌಕಕ್ಕೆ ಕತ್ತರಿಸಿದಾಗ ಏನಾಗುತ್ತದೆ ಎಂದು ಲೆಕ್ಕ ಹಾಕಿ. 2.35 ಅಗಲದ ಚಿತ್ರ 1.33ಕ್ಕೆ ಇಳಿದರೆ ನೂರರಲ್ಲಿ ಸುಮಾರು 43 ಪಾಲು ಚಿತ್ರವೇ ಇಲ್ಲ. ಹೋದದ್ದು ಯಾವುದು? ಆ ಅಂಚು, ಆ ಕತ್ತಲು. ಚಿತ್ರದ ಜೀವ ಇದ್ದ ಜಾಗ. ಕೆರೆಯ ಆಚೆ ಜೊಂಡಿನ ನಡುವೆ ಕರಿ ಬಟ್ಟೆಯ ಹೆಂಗಸು ಹಾಡುಹಗಲೇ ಸುಮ್ಮನೆ ನಿಂತಿರುವ ದೃಶ್ಯವಿದೆ. ಬ್ಲೂ-ರೇಯಲ್ಲಿ ಅವಳು ತೀರ ಸಣ್ಣವಳು, ಆದರೆ ಸ್ಪಷ್ಟ. ಮಸುಕು ಕಾಪಿಯಲ್ಲಿ ಅವಳು ಒಂದು ಕರಿ ಚುಕ್ಕೆ ಮಾತ್ರ. ಅಮೆರಿಕದ ಕ್ರೈಟೀರಿಯನ್ ಎಂಬ ಲೇಬಲ್ 2014ರಲ್ಲಿ ಇದರ ಬ್ಲೂ-ರೇ ತಂದಿದೆ. ಒಂದು ವಿನಂತಿ: ಡಿಸ್ಕು ಹಾಕುವ ಮೊದಲೇ ಎಲ್ಲರನ್ನೂ ಕೂರಿಸಿಬಿಡಿ. ಕಂಪನಿಯ ಲಾಂಛನಕ್ಕೂ ಮೊದಲು ಪರದೆ ಪೂರ್ತಿ ಕಪ್ಪಾಗಿದ್ದು, ಒಂದು ಹುಡುಗಿಯ ದನಿಯಲ್ಲಿ ಹಾಡು ಕೇಳುತ್ತದೆ. ಆಗ ಯಾರಾದರೂ "ಕರೆಂಟ್ ಹೋತೇನ್ರಿ" ಎಂದರೆ ಎಲ್ಲ ಕೆಟ್ಟಂತೆ.

ಶಹಾಪುರದ ಕೇಳುಗ (ಬೆಳಗಾವಿ):

ಬಣ್ಣದ ಮಾತು ಭಾಳ ಆತು, ಸ್ವರದ ಮಾತೂ ಒಂದೀಟು ಆಗ್ಲಿ. ನಾ ಹಿಂದೂಸ್ತಾನಿ ಬೈಠಕ್ ಕೇಳ್ಕೋತ ಬೆಳದವ. ಜೇಮ್ಸ್ ಬರ್ನಾರ್ಡ್ ಅವರ 'ಡ್ರಾಕುಲಾ' ಸಂಗೀತದಾಗ ಮೂರು ಸ್ವರದ ಒಂದು ಕೂಗು ಐತಿ, ಆ ಹೆಸರಿನ ಮೂರು ಅಕ್ಷರಾನ ಬಾಜಾ ಬಾರಿಸಿ ಒದರಿದಂಗ. ಡ್ರಾ, ಕು, ಲಾ. ಅದನ್ನ ನಾ ಹಳೇ ಇಂಗ್ಲಿಷ್ ಡಿವಿಡಿಯಾಗ ಕೇಳಿ ಬಾಯಿಪಾಠ ಮಾಡಿದ್ದೆ. ಬ್ಲೂ-ರೇಯಾಗ ಕೇಳಿದಾಗ ಸ್ವರ ಕೆಳಗ ಇಳದಿತ್ತು.

ಕಾರಣ ಸೀದಾ ಐತಿ. ಸಿನಿಮಾ ತೆಗೀತಾರ ಸೆಕೆಂಡಿಗೆ 24 ಫ್ರೇಮ್. ಇಂಗ್ಲೆಂಡು, ಭಾರತ ಎರಡೂ ಕಡೆ ಇದ್ದ ಪಾಲ್ ಟಿವಿ ಪದ್ಧತಿ 25 ಫ್ರೇಮಿಂದು. ಹಿಂಗಾಗಿ ಪಾಲ್ ಡಿವಿಡಿ, ಕ್ಯಾಸೆಟ್ ಎಲ್ಲಾ ಪಿಚ್ಚರನ್ನ ನೂರಕ್ಕ ನಾಕರಷ್ಟು ಜೋರ ಓಡಸ್ತಿದ್ವು. 82 ನಿಮಿಷದ 'ಡ್ರಾಕುಲಾ' 79ರೊಳಗ ಮುಗೀತಿತ್ತು. ಓಟ ಏರಿದ್ರ ಸ್ವರಾನೂ ಏರ್ತೈತಿ. ಹಾರ್ಮೋನಿಯಂ ಭಾಷಾದಾಗ ಹೇಳಬೇಕಂದ್ರ, ಪಾಂಢರಿ ಏಕದಿಂದ (ಮೊದಲ ಬಿಳಿ ಪಟ್ಟಿ) ಕಾಳಿ ಏಕಕ್ಕ (ಅದರ ಮಗ್ಗಲಿನ ಕರಿ ಪಟ್ಟಿ) ಪೂರ್ತಿ ಮುಟ್ಟೂದಿಲ್ಲ, ಆ ಅಂತರದ ಮುಕ್ಕಾಲಿಗೆ ಸ್ವಲ್ಪ ಕಡಿಮಿ ಏರ್ತೈತಿ. ಕಿವಿ ಇದ್ದವರಿಗೆ ಇದು ಸಣ್ಣದಲ್ಲ. ಕ್ರಿಸ್ಟೋಫರ್ ಲೀ ಅವರದು ಎದಿಯಿಂದ ಬರೂ ಖರ್ಜದ ದನಿ. ಆ ದನೀನ ನಾವು ಇಷ್ಟು ವರ್ಷ ತೆಳ್ಳಗ ಮಾಡಿ ಕೇಳೇವಿ. ಬ್ಲೂ-ರೇ 24 ಫ್ರೇಮಿನ್ಯಾಗ ಓಡ್ತೈತಿ, ಷಡ್ಜ ತನ್ನ ಜಾಗಾಕ್ಕ ಬಂದು ಕುಂತೈತಿ. ಮೆಟ್ಟಲಾ ಇಳಕೋತ ಬಂದು ಅತಿಥಿಗೆ ಸ್ವಾಗತ ಹೇಳೂ ಆ ಮೊದಲ ಮಾತು ಒಮ್ಮೆ ಕಣ್ಣು ಮುಚ್ಚಿ ಕೇಳ್ರಿ.

ಟಿಳಕವಾಡಿ ಸ್ಟುಡಿಯೋ (ಬೆಳಗಾವಿ):

ಆಪರೇಟರ್ ಸಾಹೇಬ್ರಿಗೆ, ಮೇಷ್ಟ್ರಿಗೆ, ಶಹಾಪುರದವರಿಗೆ ಶರಣು. ಮೇಷ್ಟ್ರು ಹೇಳಿದಂಗ ಎರಡೂ ಪಿಚ್ಚರ್ ಒಂದರ ಹಿಂದೊಂದು ಹಾಕಿ ನೋಡಿದೆ. ಫ್ರಾಂಕೆನ್‌ಸ್ಟೈನಿನ್ಯಾಗ ಕುಶಿಂಗ್ ಅವರ ಮಾರಿ ಬೆಚ್ಚಗ ಐತಿ, ಹಿಂದಿನ ಕಲ್ಲು ತಣ್ಣಗ ಐತಿ. ಎರಡೂ ಒಂದ ಫ್ರೇಮಿನ್ಯಾಗ. ಅಂದ್ರ ಆಶರ್ ಅವರು ತಂಪು ಬೇಕಾದಲ್ಲೆ ದೀಪದಿಂದ ತಂಪು ತಂದಾರ. ಇಡೀ ಚಿತ್ರದ ಮ್ಯಾಲ ನೀಲಿ ಎಳದ್ರ ಅವರು ಮಾಡಿದ ಆ ಬೆಚ್ಚಗು ತಂಪಿನ ಜಗಳಾನ ಅಳಸಿ ಹೋಗ್ತೈತಿ. ನನ್ನ ಮಟ್ಟಿಗೆ ಬಣ್ಣದ ಪ್ರಶ್ನಿ ಇಲ್ಲಿಗೆ ಬಗಿಹರೀತು: 2018ರ ಬಣ್ಣ. ಚೌಕಟ್ಟು 1.66 ನನಗ ಹಿತ ಅನ್ನಿಸ್ತು. 1.37ರಾಗ ಸೆಟ್ಟಿನ ಮ್ಯಾಲಿನ ಭಾಗ ಕಾಣ್ತೈತಿ, ಆದ್ರ ಎಲ್ಲಾರೂ ಕ್ವಾಣಿ ನಡುವ ಕಳದು ಹೋದಂಗ ಕಾಣ್ತಾರ.

ಗೋಕಾಕದ ಹುಡುಗ:

ಹಿರ್ಯಾರು ಎಲ್ಲಾ ಹೊಗಳಾಕತ್ತೀರಿ, ನಂದು ಒಂದು ತಕರಾರು ಐತ್ರಿ. ಇಷ್ಟು ಸ್ವಚ್ಛ ಮಾಡಿದ್ರ ಮೋಸ ಎಲ್ಲಾ ಹೊರಗ ಬೀಳ್ತೈತಿ. ದಾರಕ್ಕ ಕಟ್ಟಿದ ಬಾವಲಿ, ಬಣ್ಣ ಬಳದ ಗುಡ್ಡದ ಪರದೆ, ರಬ್ಬರಿನ ಮಾರಿ. ಕ್ಯಾಸೆಟ್ಟಿನ್ಯಾಗ ಅದೆಲ್ಲಾ ಮಬ್ಬಿನ್ಯಾಗ ಮುಚ್ಚಿ ಹೆದರಿಕಿ ಆಗ್ತಿತ್ತು. ಈಗ ಹೆದರಿಕಿ ಎಲ್ಲೈತಿ? ಹೊಸಾ ಡಿಸ್ಕ್ ಮಾಡೂರು ಅಂಥಾವನ್ನ ಕಂಪ್ಯೂಟರಿನ್ಯಾಗ ತಿದ್ದಿ ಕೊಟ್ರ ಏನು ತಪ್ಪು?

ಟಿಳಕವಾಡಿ ಸ್ಟುಡಿಯೋ (ಬೆಳಗಾವಿ):

ತಮ್ಮಾ, ನೀ ಕೇಳಿದ್ದು ಚಲೋ ಆತು. ಇದು ಬರೇ ಮಾತಲ್ಲ, ಖರೇನ ನಡದದ್ದು. 1968ರ 'ದಿ ಡೆವಿಲ್ ರೈಡ್ಸ್ ಔಟ್', ಕ್ರಿಸ್ಟೋಫರ್ ಲೀ ಒಳ್ಳೆಯವನ ಪಾತ್ರ ಮಾಡಿದ್ದು, 2012ರಾಗ ಇಂಗ್ಲೆಂಡಿನ ಬ್ಲೂ-ರೇಯಾಗ ಬಂದಾಗ ಕೆಲವು ಸ್ಪೆಷಲ್ ಎಫೆಕ್ಟ್ ಕಂಪ್ಯೂಟರಿನ್ಯಾಗ ಹೊಸದಾಗಿ ತಿದ್ದಿದ್ರು. ಅಭಿಮಾನಿಗಳು ಭಾಳ ಸಿಟ್ಟಾದ್ರು. ನಾ ಅವರ ಕಡೆ. ಗೀರು ತಗೀರಿ, ಧೂಳ ತಗೀರಿ, ಹಾರಿದ ಬಣ್ಣ ಹೊಳ್ಳಿ ತರ್ರಿ. ಅವು ಕಾಲ ಮಾಡಿದ ಗಾಯ. ದಾರ ಮಾತ್ರ ಆ ದಿನ ಆ ಮನಶ್ಯಾ ಕೈಯಾರೆ ಕಟ್ಟಿದ್ದು. ಅಜ್ಜನ ಫೋಟೋದ ಮ್ಯಾಲಿನ ಬೂಸ್ಟು ಒರಸಿ ಕೊಡ್ತೀನಿ ಹೊರತು, ಅಜ್ಜನ ಸೊಟ್ಟ ಮೂಗು ನೆಟ್ಟಗ ಮಾಡಿ ಕೊಡೂದಿಲ್ಲ.

ಇನ್ನೊಂದು ಕೆಡಕು ಐತಿ, ಇದು ಇನ್ನೂ ಗುಪ್ತದ್ದು. ಫಿಲ್ಮಿನ ಕಾಳು ಕಾಳು, ಗ್ರೇನ್ ಅಂತೀವಲ್ಲ, ಅದನ್ನ ಹೊಲಸು ಅಂತ ತಿಳಿದು ಸಾಫ್ಟ್‌ವೇರಿನ್ಯಾಗ ಒರಸಿಬಿಡ್ತಾರ. ಗ್ರೇನ್ ಹೊಲಸಲ್ಲ. ಚಿತ್ರ ಅನ್ನೂದ ಆ ಕಾಳಿನಿಂದ ಆದದ್ದು. ಅದನ್ನ ಒರಸಿದ್ರ ಚರ್ಮದ ರಂಧ್ರ, ಅರಿವಿ ನೇಯ್ಗಿ, ಗ್ವಾಡಿ ಸುಣ್ಣ ಎಲ್ಲಾ ಅದರ ಜೋಡಿ ಹೋಗ್ತೈತಿ, ಮಂದಿ ಮೇಣದ ಗೊಂಬಿ ಆಗ್ತಾರ. ಡಿಸ್ಕ್ ತಗೊಳ್ಳೂ ಮೊದಲ ಒಂದು ಮಾರಿಯ ಕ್ಲೋಸಪ್ ಫೋಟೋ ನೆಟ್ಟಿನ್ಯಾಗ ಹುಡುಕಿ ನೋಡು. ಕೆನ್ನಿ ನುಣ್ಣಗ ಇದ್ರ ತಗೋಬ್ಯಾಡ.

ಹೆದರಿಕಿ ಎಲ್ಲೈತಿ ಅಂದ್ಯಲ್ಲ, ಅದಕ್ಕ ಉತ್ತರ 1957ರ 'ನೈಟ್ ಆಫ್ ದಿ ಡೀಮನ್'. ಅದರಾಗ ದೆವ್ವ ಚಂದಂಗ ಕಾಣ್ತೈತಿ, ಗೊಂಬಿ ಅಂತ ಗೊತ್ತೂ ಆಗ್ತೈತಿ. ಅದನ್ನ ತೋರಿಸಬೇಕಿತ್ತೋ ಬ್ಯಾಡಾಗಿತ್ತೋ ಅಂತ ಇವತ್ತಿಗೂ ವಾದ ನಡದೈತಿ. ಆದ್ರ ಜ್ಯಾಕ್ ಟೂರ್ನರ್ ಅವರು ಹೆದರಿಕಿ ಇಟ್ಟದ್ದು ಅಲ್ಲಲ್ಲ. ಉದ್ದನ ಖಾಲಿ ಹೊಟೇಲ್ ಕಾರಿಡಾರ್, ರಾತ್ರಿ ಕಾಡಿನ್ಯಾಗ ಒಬ್ಬನ ನಡಕೋತ ಹೋಗೂದು, ಕೈಯಿಂದ ಜಾರಿ ಬೆಂಕಿ ಕಡೆ ಹಾರೂ ಒಂದು ಚೀಟಿ. ಆ ಚೀಟಿ ಸ್ಪಷ್ಟ ಕಾಣಬೇಕು, ಹಂಗಿದ್ರ ಮಾತ್ರ ಜೀವ ಬಾಯಿಗೆ ಬರ್ತೈತಿ. ಇಂಡಿಕೇಟರ್ ಅನ್ನೂ ಲೇಬಲ್ 2018ರಾಗ ಇದರ 96 ನಿಮಿಷದ ಬ್ರಿಟಿಷ್ ಆವೃತ್ತಿ, 82 ನಿಮಿಷದ ಅಮೆರಿಕನ್ ಆವೃತ್ತಿ ಎರಡನ್ನೂ ತಂದೈತಿ. ದೊಡ್ಡದು ನೋಡು.

ನವನಗರದ ಮೇಷ್ಟ್ರು (ಬಾಗಲಕೋಟೆ):

ಗಾಯ ಉಳಿಸಿಕೊಂಡೂ ಚಿತ್ರ ನಿಲ್ಲುತ್ತದೆ ಎನ್ನುವುದಕ್ಕೆ 'ದಿ ವಿಕರ್ ಮ್ಯಾನ್' ನೋಡಿ. 1973ರದು, ನಿರ್ದೇಶನ ರಾಬಿನ್ ಹಾರ್ಡಿ, ಚಿತ್ರಕಥೆ ಆಂಥೊನಿ ಶಾಫರ್. ಸ್ಕಾಟ್ಲೆಂಡಿನ ದ್ವೀಪವೊಂದಕ್ಕೆ ಕಾಣೆಯಾದ ಹುಡುಗಿಯನ್ನು ಹುಡುಕಿ ಬರುವ ಪೊಲೀಸ್ ಅಧಿಕಾರಿಯ ಕಥೆ. ಬಿಡುಗಡೆಗೆ ಮುನ್ನ ಚಿತ್ರವನ್ನು 88 ನಿಮಿಷಕ್ಕೆ ಇಳಿಸಿದರು, ಕತ್ತರಿಸಿದ ಭಾಗದ ನೆಗೆಟಿವ್ ಕಳೆದುಹೋಯಿತು. ಹಾರ್ವರ್ಡ್ ಫಿಲ್ಮ್ ಆರ್ಕೈವ್‌ನಲ್ಲಿ ಸಿಕ್ಕ 35 ಎಂಎಂ ಪ್ರಿಂಟಿನಿಂದ 2013ರಲ್ಲಿ, ನಲವತ್ತು ವರ್ಷದ ನೆಪದಲ್ಲಿ, ಸುಮಾರು 94 ನಿಮಿಷದ 'ಫೈನಲ್ ಕಟ್' ಬಂತು. ಪ್ರಿಂಟಿನಿಂದ ಸೇರಿಸಿದ ದೃಶ್ಯ ಬಂದಾಗ ಚಿತ್ರದ ಹೊಳಪು ಇಳಿಯುತ್ತದೆ, ಬಣ್ಣ ಒರಟಾಗುತ್ತದೆ. ಅದನ್ನು ಮುಚ್ಚಿಟ್ಟಿಲ್ಲ. ನನಗೆ ಆ ಪ್ರಾಮಾಣಿಕತೆ ಇಷ್ಟ. ಊರ ಜಾತ್ರೆ, ಬೆಳೆ, ಮಳೆ, ಹರಕೆಗಳ ನಡುವೆ ಬೆಳೆದ ನಮ್ಮಂಥವರಿಗೆ ಆ ಚಿತ್ರ ಅರ್ಥವಾಗುವ ರೀತಿಯೇ ಬೇರೆ. ದ್ವೀಪದ ಜನರನ್ನು ರಾಕ್ಷಸರೆಂದು ನೋಡಲು ನಮ್ಮಿಂದ ಆಗುವುದಿಲ್ಲ, ಬೆಳೆ ಕೈಕೊಟ್ಟ ಊರಿನ ಅಂಜಿಕೆ ಏನೆಂದು ನಮಗೆ ಗೊತ್ತು. ಅದಕ್ಕೇ ಕೊನೆಯ ದೃಶ್ಯ ನಮಗೆ ಇನ್ನಷ್ಟು ಭಾರವಾಗುತ್ತದೆ.

ಹ್ಯಾಮರ್‌ನವರ 1959ರ 'ದಿ ಸ್ಟ್ರ್ಯಾಂಗ್ಲರ್ಸ್ ಆಫ್ ಬಾಂಬೆ' ಮಾತ್ರ ಗೆಳೆಯರಿಗೆ ತೋರಿಸಬೇಡಿ ಎನ್ನುತ್ತೇನೆ. ಠಗ್ಗರ ಕಥೆ, ಭಾರತವೆಂದು ತೋರಿಸಿದ್ದರಲ್ಲಿ ಹೆಚ್ಚಿನದು ಬ್ರೇ ಸ್ಟುಡಿಯೋದಲ್ಲಿ ಕಟ್ಟಿದ್ದು. ಕಪ್ಪು-ಬಿಳುಪಿನ ಕೆಲಸ ಅಚ್ಚುಕಟ್ಟು, ಆದರೆ ನಮ್ಮ ಜನರನ್ನು ನೋಡಿದ ಕಣ್ಣು ಕೀಳು.

ಹಳೇ ಆಪರೇಟರ್ (ವಿಜಯಪುರ):

ಡಿಸ್ಕ್ ತರಿಸೂ ಹುಡುಗರಿಗೆ ಒಂದು ಮಾತು. ಬ್ಲೂ-ರೇಗೆ ಪ್ರದೇಶದ ಬೀಗ ಅದ. ಅಮೆರಿಕಾದ್ದು ಎ, ಇಂಗ್ಲೆಂಡಿಂದು ಬಿ, ಭಾರತದ್ದು ಸಿ. ಬೀಗ ಹಾಕಿದ ಡಿಸ್ಕ್ ಇಲ್ಲಿ ಕೊಂಡ ಪ್ಲೇಯರಿನಾಗ ತಿರಗೂದಿಲ್ಲ. ಎಲ್ಲಾ ಪ್ರದೇಶ ಓಡಸೂ ಪ್ಲೇಯರ್ ಇರಬೇಕು, ಇಲ್ಲಾ ಡಿಸ್ಕಿನ ಬೆನ್ನ ಮ್ಯಾಲ ಎ, ಬಿ, ಸಿ ಮೂರೂ ಬರದದ್ದನ್ನ ನೋಡಿ ತಗೋಬೇಕು. 4ಕೆ ಡಿಸ್ಕಿಗೆ ಈ ತ್ರಾಸ ಇಲ್ಲ, ಆದ್ರ 4ಕೆ ಪ್ಲೇಯರ್ ಬೇಕಾಗ್ತದ. ಒಂದ ಡಬ್ಬಿಯೊಳಗ 4ಕೆ ಜೋಡಿ ಬ್ಲೂ-ರೇ ಇದ್ರ, 4ಕೆ ತಿರಗ್ತದ, ಬ್ಲೂ-ರೇ ತಿರಗದ ಇರಬಹುದು.

ಟಿಳಕವಾಡಿ ಸ್ಟುಡಿಯೋ (ಬೆಳಗಾವಿ):

ಸರಿ ಹಂಗಾದ್ರ, ಹಿಂಗ ಮಾಡ್ತೀನಿ. ಮೊದಲ ಅಮಾಸಿಗೆ 'ಡ್ರಾಕುಲಾ', 2018ರ ಡಿಸ್ಕಿನ್ಯಾಗ. ಅದು ಮುಗಿದ ಕೂಡ್ಲೆ 2013ರದರಿಂದ ಜಪಾನಿನ ರೀಲಿನ ಎರಡೂ ಜಾಗಾ ಬ್ಯಾರೆ ತೋರಸ್ತೀನಿ. ಎರಡನೇ ಅಮಾಸಿಗೆ 'ದಿ ಇನ್ನೊಸೆಂಟ್ಸ್'. ಮೂರನೇದಕ್ಕ ನಾನ ಒಂದು ಆರಿಸೀನಿ: 1960ರ 'ಪೀಪಿಂಗ್ ಟಾಮ್', ಮೈಕೆಲ್ ಪೊವೆಲ್ ಅವರದು. ಕ್ಯಾಮೆರಾದಿಂದಲೇ ಕೊಲಿ ಮಾಡೂವನ ಕಥಿ. ಅವ ಸಿನಿಮಾ ಕಂಪನ್ಯಾಗ ಫೋಕಸ್ ಹಿಡಿಯೂ ಕೆಲಸದವ, ಖಾಲಿ ಟೈಮಿನ್ಯಾಗ ಫೋಟೋ ತಗೀತಾನ. ಮನ್ಯಾಗ ಅವಂದ ಡಾರ್ಕ್ ರೂಮ್ ಐತಿ. ಡಾರ್ಕ್ ರೂಮಿನ ಕೆಂಪು ಬೆಳಕಿನ್ಯಾಗ ವರ್ಷಗಟ್ಲೆ ನಿಂತ ನನಗ ಆ ಪಿಚ್ಚರ್ ಮೈಮ್ಯಾಲ ಬರ್ತೈತಿ. ಅವನ ಬಾಲ್ಯದ ಫಿಲ್ಮ್ ಅಂತ ತೋರಸೂದರಾಗ ಅಪ್ಪನ ಪಾತ್ರ ಖುದ್ದು ಪೊವೆಲ್ ಅವರದು, ಕೂಸಿನ ಪಾತ್ರ ಅವರ ಮಗನದು. ಆವಾಗಿನ ಪತ್ರಿಕೆಯವರು ಹಿಗ್ಗಾಮುಗ್ಗಾ ಬೈದು, ಅಷ್ಟು ದೊಡ್ಡ ನಿರ್ದೇಶಕನಿಗೆ ಇಂಗ್ಲೆಂಡಿನ್ಯಾಗ ಕೆಲಸ ಸಿಗೂದ ಕಷ್ಟ ಆಗೂವಂಗ ಮಾಡಿದ್ರು. 2023ರಾಗ ಹಳೇ ಸಿನಿಮಾ ಉಳಿಸೂ ಫಿಲ್ಮ್ ಫೌಂಡೇಶನ್, ಬಿಎಫ್‌ಐ (ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್) ನ್ಯಾಷನಲ್ ಆರ್ಕೈವ್ ಕೂಡಿ ಸ್ಟುಡಿಯೋಕೆನಾಲ್ ಕಂಪನಿ ಜೋಡಿ 4ಕೆಯಾಗ ಅದನ್ನ ಹೊಸದು ಮಾಡ್ಯಾರ. ನಿರ್ದೇಶಕ ಮಾರ್ಟಿನ್ ಸ್ಕೋರ್ಸೀಸಿ, ಪೊವೆಲ್ ಅವರ ಹೆಂಡತಿ ಸಂಕಲನಕಾರ್ತಿ ಥೆಲ್ಮಾ ಸ್ಕೂನ್‌ಮೇಕರ್ ಇಬ್ಬರೂ ಮುಂದ ನಿಂತು ಮಾಡಿಸ್ಯಾರ.

ನನ್ನ ಪ್ರೊಜೆಕ್ಟರ್ 1080 ಗೆರಿಯದು. 4ಕೆ ಡಿಸ್ಕ್ ಹಾಕಿದ್ರ ಎಚ್‌ಡಿಆರ್ (ಹೆಚ್ಚು ಹೊಳಪಿನ ಪರದೆಗೆ ಮಾಡಿದ) ಬಣ್ಣ ಅದರಾಗ ಸಪ್ಪಗ ಆಗ್ತಾವೋ, ಬ್ಲೂ-ರೇನ ಹಾಕೂದು ಶಾಣ್ಯಾತನೋ? ಮಾಡಿ ನೋಡಿದವರು ಯಾರಾರ ಇದ್ರ ಇಲ್ಲೆ ಬರೀರಿ. ಡಿಸ್ಕ್ ಇನ್ನೂ ತರಿಸಿಲ್ಲ.